ಅಥಣಿ ಚಪ್ಪಲಿ ಇಟಲಿಗೆ ಹೊಂಟೈತಿ, ನಾವು ಹೋಗೋದು ಹೆಂಗ?

ಏಕಸಂಬಿಯಿಂದ ಮಾತಾಡಾಕತ್ತೀನಿ. ಇವತ್ತಿನ ವಿಷಯ ಇಟಲಿ. ಮೆಡಿಟರೇನಿಯನ್ ಸಮುದ್ರದ ನಡುವೆ ಬೂಟಿನ ಆಕಾರದಲ್ಲಿ ಚಾಚಿಕೊಂಡಿರೋ ದೇಶ. ಅಲ್ಲಿಗೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಒಬ್ಬ ಸಾಮಾನ್ಯ ಹುಡುಗ ಅಥವಾ ಹುಡುಗಿ ಹೋಗಿ ಬರಬೇಕಂದ್ರೆ ಏನೇನು ಬೇಕು, ಎಷ್ಟು ಖರ್ಚು, ಎಲ್ಲಿ ಎಚ್ಚರ ಇರಬೇಕು, ಇಷ್ಟನ್ನು ಹೇಳ್ತೀನಿ. ನಾನು ಕಾಮರ್ಸ್ ಓದಿದವನು, ಹಂಗಾಗಿ ಲೆಕ್ಕ ಸ್ವಲ್ಪ ಜಾಸ್ತಿ ಇರ್ತದ. ಬ್ಯಾಸರ ಮಾಡ್ಕೋಬ್ಯಾಡ್ರಿ.

ಇಟಲಿನೇ ಯಾಕೆ? 2025ರ ಜೂನ್‌ನಲ್ಲಿ ಮಿಲಾನ್ ನಗರದ ಫ್ಯಾಷನ್ ಶೋದಲ್ಲಿ ಪ್ರಾಡಾ ಕಂಪನಿ ಥೇಟ್ ನಮ್ಮ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ತೋರಿಸಿತು. ಎಲ್ಲಿಯದು ಅಂತ ಹೆಸರು ಹೇಳಲಿಲ್ಲ. ದೇಶದ ತುಂಬ ಗದ್ದಲ ಆಯ್ತು. ಆಮೇಲೆ ಕಂಪನಿ ಅದರ ಮೂಲ ಭಾರತ ಅಂತ ಒಪ್ಪಿಕೊಂಡಿತು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಟ್ಯಾಗ್ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ ಎಷ್ಟು ಸೇರಿದೆಯೋ, ಕರ್ನಾಟಕದ ನಾಲ್ಕು ಜಿಲ್ಲೆಗೂ ಅಷ್ಟೇ ಸೇರಿದೆ: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ ಓಣಿಗಳಲ್ಲಿ ಕೂತು ಚರ್ಮ ಹೊಲಿಯೋರಿಗೆ ಇದನ್ನ ಹೇಳಿಕೊಡೋದು ಬೇಕಿಲ್ಲ. 2025ರ ಡಿಸೆಂಬರ್‌ನಲ್ಲಿ ಪ್ರಾಡಾ, ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ನಡುವೆ ಒಪ್ಪಂದ ಆಯ್ತು. ಇಲ್ಲಿಯ ಕುಶಲಕರ್ಮಿಗಳಿಂದ 2,000 ಜೋಡಿ, ಒಂದು ಜೋಡಿಗೆ ಸುಮಾರು 800 ಯೂರೋ, ಜೊತೆಗೆ ತರಬೇತಿ, ಕೆಲವರಿಗೆ ಇಟಲಿಯ ಪ್ರಾಡಾ ಅಕಾಡೆಮಿಯಲ್ಲೇ ಸ್ವಲ್ಪ ದಿನ ಕಲಿಯೋ ಅವಕಾಶ ಅಂತ ಘೋಷಣೆ ಆಯ್ತು.

ಸುದ್ದಿ ಬಂತು. ಸುದ್ದಿ ಬೆನ್ನಿಗೆ ಏಜೆಂಟರೂ ಬಂದರು.

ಅಥಣಿ ಕಡೆಯ ಕೇಳುಗರೊಬ್ಬರು ನನಗೆ ವಾಯ್ಸ್ ನೋಟ್ ಕಳಿಸಿದ್ದರು. ವಯಸ್ಸು ಇಪ್ಪತ್ನಾಲ್ಕು, ಮನೆಯಲ್ಲಿ ಅಜ್ಜನ ಕಾಲದಿಂದ ಚಪ್ಪಲಿ ಕೆಲಸ. "ಅಣ್ಣಾ, ಒಬ್ಬ ಏಜೆಂಟ್ ಏಳು ಲಕ್ಷ ಕೇಳಾಕತ್ತಾನ. ಟೂರಿಸ್ಟ್ ವೀಸಾದ ಮ್ಯಾಲ ಇಟಲಿಗೆ ಕಳಸ್ತೀನಿ, ಅಲ್ಲಿ ಚಪ್ಪಲಿ ಕಂಪನಿಯೊಳಗ ಕೆಲಸ ಹಚ್ಚತೀನಿ ಅಂತಾನ. ಅಪ್ಪ ಮನಿ ಒತ್ತಿ ಇಡಾಕ ತಯಾರಾಗ್ಯಾರ. ಏನ್ ಮಾಡ್ಲಿ?"

ತಮ್ಮಾ, ಮೊದಲು ಇದಕ್ಕೆ ಉತ್ತರ. ಹೋಗಬ್ಯಾಡ. ಈ ದಾರಿಯಿಂದ ಹೋಗಬ್ಯಾಡ.

ಟೂರಿಸ್ಟ್ ವೀಸಾ ಅಂದ್ರೆ ನೋಡಿ ಬರೋದಕ್ಕೆ

ಷೆಂಗೆನ್ ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಒಂದು ದಿನವೂ ಇಲ್ಲ. ಇಟಲಿಯಲ್ಲಿ ಕೆಲಸ ಮಾಡಬೇಕಂದ್ರೆ ಅಲ್ಲಿಯ ಮಾಲೀಕ ಮೊದಲು ಅಲ್ಲಿಯ ಸರ್ಕಾರದಿಂದ "ನುಲ್ಲಾ ಓಸ್ತಾ" ಅನ್ನೋ ಅನುಮತಿ ತೆಗೆಯಬೇಕು. ಅದು ಬಂದ ಮೇಲೆ ನಾವು ಇಲ್ಲಿ ಬೇರೆಯೇ ತರದ ವೀಸಾಕ್ಕೆ ಅರ್ಜಿ ಹಾಕಬೇಕು. ಅಲ್ಲಿ ಇಳಿದ ಮೇಲೆ ಟೂರಿಸ್ಟ್ ವೀಸಾನ ಕೆಲಸದ ವೀಸಾ ಮಾಡಿಸ್ತೀನಿ ಅನ್ನೋದು ಬರೀ ಸುಳ್ಳು. ಭಾರತ ಮತ್ತು ಇಟಲಿ 2023ರ ನವೆಂಬರ್‌ನಲ್ಲಿ ವಲಸೆ ಕುರಿತ ಒಪ್ಪಂದಕ್ಕೇ ಸಹಿ ಹಾಕಿವೆ, ಅಂದ್ರೆ ಕಾನೂನಿನ ದಾರಿ ಇದ್ದೇ ಇದೆ. ಪ್ರಾಡಾ ತರಬೇತಿಗೆ ಹೋಗೋ ದಾರಿ ಲಿಡ್ಕರ್, ಲಿಡ್ಕಾಂ ಮೂಲಕ. ಬಸ್ ಸ್ಟ್ಯಾಂಡ್ ಎದುರಿನ ಒಂದು ಖೋಲಿ ಆಫೀಸಿನ ಮೂಲಕ ಅಲ್ಲ.

ವಿದೇಶದಲ್ಲಿ ಕೆಲಸ ಕೊಡಿಸೋ ಏಜೆಂಟ್ ಅಂದ್ರೆ ಅವರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನ ಪಟ್ಟಿಯಲ್ಲಿ ಇರಬೇಕು. ಅಂಥ ನೋಂದಾಯಿತ ಏಜೆಂಟ್ ತಗೋಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಈಗ ಏಳು ಲಕ್ಷದ ಪಕ್ಕಕ್ಕೆ ಆ ಅಂಕಿ ಇಟ್ಟು ನೋಡ್ರಿ.

ಇನ್ನೊಂದು ಮಾತು. ರೋಮ್‌ನ ದಕ್ಷಿಣಕ್ಕೆ ಲಾತೀನಾ ಅಂತ ಪ್ರದೇಶ ಇದೆ. ಸಾವಿರಾರು ಪಂಜಾಬಿಗಳು ಅಲ್ಲಿ ಹೊಲದ ಕೆಲಸ ಮಾಡ್ತಾರೆ. 2024ರ ಜೂನ್‌ನಲ್ಲಿ ಅಲ್ಲಿ ಕಾಗದಪತ್ರ ಇಲ್ಲದೆ ದುಡೀತಿದ್ದ 31 ವರ್ಷದ ಭಾರತೀಯ ಕಾರ್ಮಿಕನ ಕೈ ಯಂತ್ರಕ್ಕೆ ಸಿಕ್ಕು ಕತ್ತರಿಸಿಹೋಯ್ತು. ಆಸ್ಪತ್ರೆಗೆ ಒಯ್ಯದೆ ಅವನನ್ನು ಮನೆ ಹತ್ತಿರ ಬಿಟ್ಟು ಹೋದರು. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ. ಇಟಲಿಯ ಸಂಸತ್ತಿನಲ್ಲೂ ಅದು ಚರ್ಚೆ ಆಯ್ತು. ಹೆದರಿಸೋಕೆ ಹೇಳ್ತಿಲ್ಲ. ಕಾಗದ ಇಲ್ಲದ ಮನುಷ್ಯನ ಪರವಾಗಿ ಕೇಳೋರು ಎಷ್ಟು ಕಡಿಮೆ ಅನ್ನೋದು ಮನೆ ಒತ್ತಿ ಇಡೋ ಮುಂಚೆ ಅಪ್ಪನಿಗೂ ಗೊತ್ತಿರಬೇಕು.

ಸರಿ. ಈಗ ನೋಡಿ ಬರೋಕೆ ಹೋಗೋರ ವಿಷಯಕ್ಕೆ ಬರೋಣ. ಅದು ಏಳು ಲಕ್ಷದ ಮಾತಲ್ಲ, ಯಾರ ಕೈಯನ್ನೂ ಹಿಡೀಬೇಕಿಲ್ಲ.

ಪಾಸ್‌ಪೋರ್ಟ್: ಊರಿನ ಸ್ಪೆಲ್ಲಿಂಗ್‌ನಿಂದಲೇ ಶುರು

36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ತತ್ಕಾಲ್ ಆದ್ರೆ 3,500. ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗುತ್ತೆ, ಸಿಗದಿದ್ರೆ ಹುಬ್ಬಳ್ಳಿ. ನಮ್ಮ ಕಡೆ ತಕರಾರು ಬರೋದು ಸ್ಪೆಲ್ಲಿಂಗ್‌ನಲ್ಲಿ. ನಮ್ಮೂರನ್ನೇ ತಗೋರಿ. ಇಂಗ್ಲಿಷ್‌ನಲ್ಲಿ ಕೆಲವರು "ಎಕ್ಸಾಂಬಾ" ಅಂತ ಬರೀತಾರೆ, ಕೆಲವರು "ಯಕ್ಸಂಬಾ" ಅಂತ. ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು. ಹೆಸರೂ ಹಂಗೇ: ಒಂದು ಕಡೆ ಅಪ್ಪನ ಹೆಸರು ನಡುವೆ, ಇನ್ನೊಂದು ಕಡೆ ಅಡ್ಡಹೆಸರು ಮೊದಲು. ಅರ್ಜಿ ಹಾಕೋ ಮೊದಲು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರೂ ಒಂದೇ ತರ ಮಾಡಿಸಿಕೊಳ್ರಿ. ವೀಸಾ ಅಧಿಕಾರಿಗೆ ನೀವು ಯಾರು ಅಂತ ಗೊತ್ತಿಲ್ಲ, ಕಾಗದ ಹೇಳಿದ್ದೇ ನೀವು.

ವೀಸಾ: ಏನು ನೋಡ್ತಾರೆ?

ಇಟಲಿ ಷೆಂಗೆನ್ ಒಕ್ಕೂಟದ 29 ದೇಶಗಳಲ್ಲಿ ಒಂದು. ಒಂದು ವೀಸಾದಲ್ಲಿ ಅಷ್ಟೂ ದೇಶ ತಿರುಗಬಹುದು, ಯಾವುದೇ 180 ದಿನದಲ್ಲಿ ಒಟ್ಟು 90 ದಿನದವರೆಗೆ. ಹೆಚ್ಚು ದಿನ ಎಲ್ಲಿ ಇರ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನ ಸಮ ಇದ್ದರೆ ಮೊದಲು ಕಾಲಿಡೋ ದೇಶಕ್ಕೆ. "ಆ ದೇಶದ ವೀಸಾ ಸುಲಭ, ಅಲ್ಲಿಂದ ತಗೊಂಡು ಇಟಲಿಗೆ ಹೋಗು" ಅನ್ನೋರ ಮಾತು ಕೇಳಬ್ಯಾಡ್ರಿ.

ಶುಲ್ಕ 2024ರ ಜೂನ್‌ನಿಂದ 90 ಯೂರೋ, ಮೇಲೆ ವಿಎಫ್‌ಎಸ್ ಕೇಂದ್ರದ ಸೇವಾ ಶುಲ್ಕ. ವೀಸಾ ಕೊಡಲಿ ಬಿಡಲಿ, ಆ ದುಡ್ಡು ವಾಪಸ್ ಇಲ್ಲ. ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ತಡ ಅಂದ್ರೆ 15 ದಿನ ಮುಂಚೆ. ಆದ್ರೆ ಬೇಸಿಗೆ ಸೀಸನ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಎರಡು ಮೂರು ತಿಂಗಳು ಮುಂಚೆ ಕೂತ್ಕೊಳ್ರಿ. ನಮಗೆ ಕೊಲ್ಹಾಪುರ, ಪುಣೆ ಹತ್ತಿರ ಅನಿಸ್ತದ, ಆದರೆ ಅರ್ಜಿ ಎಲ್ಲಿ ಕೊಡಬೇಕು ಅನ್ನೋದು ನಿಮ್ಮ ವಿಳಾಸದ ರಾಜ್ಯದ ಮೇಲೆ ತೀರ್ಮಾನ ಆಗುತ್ತೆ. ನಮಗೆ ಅಂದ್ರೆ ಬೆಂಗಳೂರು. ಬೆರಳಚ್ಚು ಕೊಡೋಕೆ ಖುದ್ದು ಹೋಗಬೇಕು.

ಬೇಕಾದ ಕಾಗದ: ವಾಪಸ್ ಬರೋ ದಿನಾಂಕದ ನಂತರವೂ ಕನಿಷ್ಠ ಮೂರು ತಿಂಗಳು ಅವಧಿ ಇರೋ ಪಾಸ್‌ಪೋರ್ಟ್, ಅದರಲ್ಲಿ ಎರಡು ಖಾಲಿ ಪುಟ. ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್. ಹೋಗಿ ಬರೋ ವಿಮಾನದ ರಿಸರ್ವೇಷನ್. ಪ್ರತಿ ರಾತ್ರಿ ಎಲ್ಲಿ ಮಲಗ್ತೀರಿ ಅನ್ನೋ ಬುಕಿಂಗ್. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಕೆಲಸದ ಪತ್ರ ಅಥವಾ ವ್ಯಾಪಾರದ ದಾಖಲೆ. ರದ್ದು ಮಾಡಿದ್ರೆ ದುಡ್ಡು ವಾಪಸ್ ಬರೋ ಬುಕಿಂಗ್ ಮಾತ್ರ ಮಾಡ್ರಿ. ನಕಲಿ ಟಿಕೆಟ್ ಕೊಡೋರು ಇದ್ದಾರೆ, ಅದು ಸಿಕ್ಕಿಬಿದ್ರೆ ನಿಮ್ಮ ಹೆಸರೇ ಕೆಡೋದು.

ರೈತರ ಮಕ್ಕಳಿಗೆ ಒಂದು ವಿಶೇಷ ಸೂಚನೆ. ನಮ್ಮ ಮನೆಗಳಲ್ಲಿ ಸಂಬಳ ತಿಂಗಳಿಗೊಮ್ಮೆ ಬರಲ್ಲ, ಕಬ್ಬಿನ ಬಿಲ್ ಒಮ್ಮೆಲೇ ಬೀಳ್ತದ. ವೀಸಾ ಅಧಿಕಾರಿ ಖಾತೆಯಲ್ಲಿ ಏಕಾಏಕಿ ಮೂರು ಲಕ್ಷ ಕಂಡ್ರೆ, ಯಾರೋ ತೋರಿಸೋಕೆ ಹಾಕಿದ್ದಾರೆ ಅಂದುಕೊಳ್ತಾನೆ. ಅದಕ್ಕೇ ಕಾರ್ಖಾನೆಯ ಬಿಲ್, ಹೊಲದ ಉತಾರ, ಅವುಗಳ ಇಂಗ್ಲಿಷ್ ಅನುವಾದ ಜೊತೆಗಿಡ್ರಿ. ಖರ್ಚು ಅಪ್ಪ ಕೊಡೋದಾದ್ರೆ ಅವರ ಪತ್ರ, ಅವರ ಖಾತೆಯ ಸ್ಟೇಟ್‌ಮೆಂಟ್ ಹಚ್ಚಿರಿ. ಸೊಸೈಟಿಯಲ್ಲಿ ಇಟ್ಟ ಠೇವಣಿ ಇದ್ದರೆ ಅದನ್ನೂ ತೋರಿಸ್ರಿ, ಆದರೆ ಅದರ ಮೇಲೆ ಮಾತ್ರ ನಿಲ್ಲಬ್ಯಾಡ್ರಿ, ಬ್ಯಾಂಕ್ ಖಾತೆ ಆರು ತಿಂಗಳಿಂದ ಚಲಾವಣೆಯಲ್ಲಿ ಇರಬೇಕು. ಮುಖ್ಯವಾಗಿ ಒಂದು ಪುಟದ ಪತ್ರ ಬರೀರಿ: ನಾನು ಯಾರು, ಯಾಕೆ ಹೋಗ್ತಿದ್ದೀನಿ, ಯಾವ ದಿನ ಎಲ್ಲಿ, ವಾಪಸ್ ಬಂದು ಏನು ಮಾಡ್ತೀನಿ. ಅವರ ಅನುಮಾನ ಇರೋದೇ "ಇವರು ವಾಪಸ್ ಹೋಗ್ತಾರಾ?" ಅನ್ನೋದರ ಮೇಲೆ. ಹೊಲ, ಅಂಗಡಿ, ಕೆಲಸ, ಓದು, ಏನಿದೆಯೋ ಅದನ್ನ ತೋರಿಸ್ರಿ.

2024ರಲ್ಲಿ ಭಾರತದಿಂದ ಷೆಂಗೆನ್ ವೀಸಾಕ್ಕೆ ಸುಮಾರು 11 ಲಕ್ಷ ಅರ್ಜಿ ಹೋದವು. ಸುಮಾರು 1.65 ಲಕ್ಷ ತಿರಸ್ಕಾರ ಆದವು. ನೂರಕ್ಕೆ ಹದಿನೈದು. ಅಂದ್ರೆ ಹೆಚ್ಚಿನವರಿಗೆ ಸಿಗುತ್ತೆ, ಆದರೆ "ಗ್ಯಾರಂಟಿ ವೀಸಾ" ಅನ್ನೋ ಮಾಲು ಯಾರ ಹತ್ತಿರಾನೂ ಇಲ್ಲ.

ಇನ್ನೊಂದು ಹೊಸ ವಿಷಯ. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಯಲ್ಲಿ ಇಇಎಸ್ ಅನ್ನೋ ವ್ಯವಸ್ಥೆ ಶುರುವಾಗಿದೆ. ಮುದ್ರೆ ಒತ್ತೋ ಬದಲು ಮುಖ, ಬೆರಳಚ್ಚಿನ ಜೊತೆ ಬಂದ ದಿನ, ಹೋದ ದಿನ ಕಂಪ್ಯೂಟರ್‌ನಲ್ಲಿ ದಾಖಲಾಗುತ್ತೆ. ಒಂದು ದಿನ ಜಾಸ್ತಿ ನಿಂತ್ರೂ ಅದಕ್ಕೆ ಗೊತ್ತಾಗುತ್ತೆ. ನಿಯತ್ತಾಗಿ ಹೋಗಿ ಬಂದೋರಿಗೆ ಲಾಭಾನೂ ಇದೆ: 2024ರ ಏಪ್ರಿಲ್‌ನ ನಿಯಮದಂತೆ, ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಸಿಗಬಹುದು.

ಒಂಬತ್ತು ದಿನದ ಖರ್ಚು

ಇದು ನನ್ನ ಅಂದಾಜು, ಹಾಸ್ಟೆಲ್‌ನಲ್ಲಿ ಮಲಗಿ, ಟ್ರೈನ್‌ನಲ್ಲಿ ತಿರುಗೋ ಒಬ್ಬರಿಗೆ. ಯೂರೋಗೆ 105 ರೂಪಾಯಿ ಹಿಡಿಯೋಣ.

ಮುಂಬೈಯಿಂದ ದುಬೈ, ದೋಹಾ ಅಥವಾ ಅಬುಧಾಬಿ ಮೇಲೆ ರೋಮ್‌ಗೆ ಹೋಗಿ ಬರೋಕೆ 60 ಸಾವಿರ. ವೀಸಾ, ಸೇವಾ ಶುಲ್ಕ, ಇನ್ಶೂರೆನ್ಸ್, ಬೆಂಗಳೂರಿಗೆ ಹೋಗಿ ಬಂದದ್ದು ಸೇರಿ 17 ಸಾವಿರ. ಅಲ್ಲಿ ಎಂಟು ರಾತ್ರಿ ಹಾಸ್ಟೆಲ್ 320 ಯೂರೋ, ಊಟ 225, ಟ್ರೈನ್ ಬಸ್ಸು 150, ಪ್ರವೇಶದ ಟಿಕೆಟ್‌ಗಳು 80, ನಗರದ ಪ್ರವಾಸಿ ತೆರಿಗೆ 25. ಒಟ್ಟು 800 ಯೂರೋ, ಅಂದ್ರೆ 84 ಸಾವಿರ. ಹೌದು, ಸರಿಯಾಗೇ ಕೇಳಿದ್ರಿ, ಪ್ರಾಡಾದ ಒಂದು ಜೋಡಿ ಚಪ್ಪಲಿ ದುಡ್ಡಿನಲ್ಲಿ ಒಂಬತ್ತು ದಿನ ಇಟಲಿ. ಎಲ್ಲಾ ಸೇರಿ 1 ಲಕ್ಷ 61 ಸಾವಿರ. ಆಪತ್ತಿಗೆ ಅಂತ 20 ಸಾವಿರ ಬೇರೆ ಇಡ್ರಿ.

ಟೂರ್ ಕಂಪನಿ ಪ್ಯಾಕೇಜ್ ತಗೊಂಡ್ರೆ ಬಿಲ್ ಮೇಲೆ ಟಿಸಿಎಸ್ ಅಂತ ಹಿಡೀತಾರೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗ್ತಾ ಬಂದಿದೆ, ಬುಕ್ ಮಾಡೋ ದಿನದ ದರ ಕೇಳ್ರಿ. ಅದು ಹೋದ ದುಡ್ಡಲ್ಲ. ನಿಮ್ಮ ಪ್ಯಾನ್ ಮೇಲೆ ಜಮಾ ಆಗಿರುತ್ತೆ, ರಿಟರ್ನ್ ಹಾಕಿ ವಾಪಸ್ ತಗೋಬಹುದು. ಎಷ್ಟೋ ಮಂದಿ ಬಿಟ್ಟೇ ಬಿಡ್ತಾರೆ. ಬಿಡಬ್ಯಾಡ್ರಿ.

ದುಡ್ಡು ಒಯ್ಯೋದು ಮೂರು ಕಡೆ ಹಂಚಿ: ಸ್ವಲ್ಪ ನಗದು ಯೂರೋ, ಒಂದು ಫಾರೆಕ್ಸ್ ಕಾರ್ಡ್, ಒಂದು ಬ್ಯಾಂಕ್ ಕಾರ್ಡ್. ಅಂಗಡಿಯ ಮಷೀನ್ "ರೂಪಾಯಿಯಲ್ಲಿ ಕೊಡ್ತೀರಾ, ಯೂರೋದಲ್ಲಾ?" ಅಂತ ಕೇಳಿದ್ರೆ ಯೂರೋ ಅಂತ ಒತ್ತಿರಿ. ರೂಪಾಯಿ ಅಂದ್ರೆ ಅವರ ದರ, ನಮಗೆ ಲುಕ್ಸಾನು. ಫೋನ್‌ಪೇ ನಂಬಿಕೊಂಡು ಹೋಗಬ್ಯಾಡ್ರಿ. ಬ್ಯಾಂಕಿನ ಓಟಿಪಿ ಬರೋಕೆ ನಿಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡೇ ಹೊರಡ್ರಿ.

ಅಲ್ಲಿ ಇಳಿದ ಮೇಲೆ

ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೇದು. ಆಗಸ್ಟ್‌ನಲ್ಲಿ ಬಿಸಿಲು, ಗದ್ದಲ, ಮತ್ತೆ ಆಗಸ್ಟ್ 15ರ ಸುತ್ತ ಅವರ ರಜೆ, ಎಷ್ಟೋ ಅಂಗಡಿ ಮುಚ್ಚಿರ್ತವೆ. ನಮಗೂ ಕಬ್ಬಿನ ಬಿಲ್ ಕೈಗೆ ಬಂದ ಮೇಲೆ ಏಪ್ರಿಲ್ ಅನುಕೂಲ.

ವೇಗದ ಟ್ರೈನ್ ಟಿಕೆಟ್ ಮುಂಚೆ ಬುಕ್ ಮಾಡಿದಷ್ಟೂ ಅಗ್ಗ. ರೋಮ್‌ನಿಂದ ನೇಪಲ್ಸ್‌ಗೆ ಒಂದು ಗಂಟೆ ಚಿಲ್ಲರೆ ಸಾಕು. ಪ್ಯಾಸೆಂಜರ್ ತರದ ರೀಜನಲ್ ಟ್ರೈನಿನ ಕಾಗದದ ಟಿಕೆಟ್ ತಗೊಂಡ್ರೆ, ಹತ್ತೋ ಮುಂಚೆ ಪ್ಲಾಟ್‌ಫಾರ್ಮ್‌ನ ಮಷೀನ್‌ನಲ್ಲಿ ಅದಕ್ಕೆ ಮುದ್ರೆ ಹೊಡಿಸಬೇಕು. ಟಿಕೆಟ್ ಕೈಯಲ್ಲಿದ್ರೂ ಮುದ್ರೆ ಇಲ್ಲಂದ್ರೆ ದಂಡ. ನೇಪಲ್ಸ್‌ನಿಂದ ಸೊರೆಂಟೋಗೆ ಹೋಗೋ ಲೋಕಲ್ ಟ್ರೈನ್ ಪೊಂಪೇ ಮೇಲೇ ಹೋಗುತ್ತೆ, ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರು. ಅಲ್ಲಿ ಈಗ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ನಿಮ್ಮ ಹೆಸರಿರುತ್ತೆ, ಪಾಸ್‌ಪೋರ್ಟ್ ಒಯ್ರಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಫ್ರೀ, ಆದ್ರೆ ಸಾಲು ಉದ್ದ.

ಸಮುದ್ರ ದಂಡೆಯಲ್ಲಿ ಎರಡು ತರ. ಛತ್ರಿ, ಕುರ್ಚಿ ಸಾಲಾಗಿ ಹಾಕಿದ್ರೆ ಅದು ಖಾಸಗಿ, ದುಡ್ಡು ಕೊಡಬೇಕು. "ಸ್ಪಿಯಾಜಾ ಲೀಬೆರಾ" ಅಂತ ಬೋರ್ಡ್ ಇದ್ರೆ ಎಲ್ಲರದು, ಟವೆಲ್ ಹಾಸಿ ಕೂತ್ಕೊಳ್ರಿ. ಚರ್ಚ್‌ಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಬೇಕು. ಫುಟ್‌ಪಾತ್ ಮೇಲೆ ಹಾಸಿಟ್ಟು ಮಾರೋ ನಕಲಿ ಬ್ರ್ಯಾಂಡ್ ಬ್ಯಾಗ್ ಮುಟ್ಟಬ್ಯಾಡ್ರಿ. ಮಾರಿದವನಿಗಷ್ಟೇ ಅಲ್ಲ, ಕೊಂಡವರಿಗೂ 7,000 ಯೂರೋವರೆಗೆ ದಂಡ ಹಾಕೋ ಕಾನೂನಿದೆ. ರೋಮ್‌ನ ಟೆರ್ಮಿನಿ ಸ್ಟೇಷನ್, ಮೆಟ್ರೋಗಳಲ್ಲಿ ಕಿಸೆಗಳ್ಳರು ಇರ್ತಾರೆ, ಬ್ಯಾಗ್ ಮುಂದಕ್ಕೆ ಹಾಕ್ಕೊಳ್ರಿ. ತುರ್ತು ನಂಬರ್ 112.

ಊಟದ ವಿಷಯ. ನಮ್ಮ ಕಡೆ ಜೈನರು, ಲಿಂಗಾಯತರು ಬಹಳ, ಅದಕ್ಕೆ ಹೇಳ್ತೀನಿ. ಪಾರ್ಮಿಜಾನೋ ಚೀಸ್ ಮಾಡೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ಪಾಸ್ತಾ ಮೇಲೆ ಉದುರಿಸೋದು ಹೆಚ್ಚಾಗಿ ಅದೇ. ಬೇಡಾದ್ರೆ "ಸೆಂಜಾ ಫೊರ್ಮಾಜ್ಜೋ" ಅನ್ರಿ. ಸೆಂಜಾ ಅಂದ್ರೆ "ಇಲ್ಲದೆ". ಕಾರ್ನೆ ಮಾಂಸ, ಪೆಶ್ಶೆ ಮೀನು, ಉವೋವಾ ಮೊಟ್ಟೆ, ಚಿಪೊಲ್ಲಾ ಉಳ್ಳಾಗಡ್ಡಿ, ಆಲ್ಯೋ ಬೆಳ್ಳುಳ್ಳಿ. ಇಷ್ಟು ಪದ ಬಾಯಿಪಾಠ ಇದ್ರೆ ಉಪವಾಸ ಬೀಳಲ್ಲ. ಲಿಗೂರಿಯಾ ಕರಾವಳಿಯಲ್ಲಿ ಕಡ್ಲಿ ಹಿಟ್ಟಿನ "ಫಾರಿನಾತಾ" ಸಿಗ್ತದ, ಥೇಟ್ ಝುಣಕದ ವಡಿಯ ತಂಗಿ. ಕಾಫಿ ನಿಂತು ಕುಡಿದ್ರೆ ಅಗ್ಗ, ಕೂತ್ರೆ ಬೆಲೆ ಏರುತ್ತೆ. ಬಿಲ್‌ನಲ್ಲಿ "ಕೊಪೆರ್ತೋ" ಅಂತ ತಲೆಗೆ ಒಂದೆರಡು ಯೂರೋ ಇರುತ್ತೆ, ಅದು ಮೋಸ ಅಲ್ಲ, ಪದ್ಧತಿ. ನೀರು ಕೊಳ್ಳಬ್ಯಾಡ್ರಿ, ರೋಮ್ ಬೀದಿಯ ನಳದ ನೀರು ಕುಡಿಯೋಕೆ ಯೋಗ್ಯ, ಬಾಟಲಿ ತುಂಬಿಸ್ಕೊಳ್ರಿ.

ಇಲ್ಲಿಂದ ಶೇಂಗಾ ಚಟ್ನಿ, ಕಟಕ ರೊಟ್ಟಿ ಒಯ್ರಿ. ತುಪ್ಪ, ಪನೀರ್, ಖೋವಾ, ಮಾಂಸ ಒಯ್ಯಬ್ಯಾಡ್ರಿ, ಹೊರಗಿನ ದೇಶದ ಹಾಲಿನ ಪದಾರ್ಥ, ಮಾಂಸಕ್ಕೆ ಯುರೋಪಿನಲ್ಲಿ ನಿಷೇಧ ಇದೆ. ಬೆಳಗಾವಿ ಕುಂದಾ ಬಗ್ಗೆ ಎಷ್ಟೇ ಪ್ರೀತಿ ಇರಲಿ, ಅದನ್ನ ವಾಪಸ್ ಬಂದ ಮೇಲೆ ತಿನ್ನೋಣ.

ಒಂದು ದಿನ ಅವರಿಗಾಗಿ

ಕೊನೆಗೆ ಒಂದು ಜಾಗ, ಟೂರ್ ಪ್ಯಾಕೇಜ್‌ನಲ್ಲಿ ಇರೋದಿಲ್ಲ. ಎರಡನೇ ಮಹಾಯುದ್ಧದಲ್ಲಿ 50,000ಕ್ಕೂ ಹೆಚ್ಚು ಭಾರತೀಯ ಸೈನಿಕರು ಇಟಲಿಯಲ್ಲಿ ಹೋರಾಡಿದರು, 5,700ಕ್ಕೂ ಹೆಚ್ಚು ಜನ ಅಲ್ಲೇ ಉಳಿದರು. ಅವರಲ್ಲಿ ಇವತ್ತು ಬೆಳಗಾವಿಯಲ್ಲಿ ಕೇಂದ್ರ ಇರೋ ಮರಾಠಾ ಲೈಟ್ ಇನ್‌ಫೆಂಟ್ರಿಯವರೂ ಇದ್ದರು. ಆ ರೆಜಿಮೆಂಟಿನ ಯಶವಂತ ಘಾಡಗೆ 1944ರಲ್ಲಿ, ನಾಮದೇವ ಜಾಧವ 1945ರಲ್ಲಿ ಇಟಲಿಯಲ್ಲೇ ವಿಕ್ಟೋರಿಯಾ ಕ್ರಾಸ್ ಪಡೆಯೋ ಸಾಹಸ ಮಾಡಿದವರು. ಘಾಡಗೆ ಅದೇ ಕಾಳಗದಲ್ಲಿ ತೀರಿಕೊಂಡರು. ಅವರ ಹೆಸರಿನ ಸ್ಮಾರಕ 2023ರಲ್ಲಿ ಮೊಂತೋನೆ ಅನ್ನೋ ಊರಿನಲ್ಲಿ ಆಯ್ತು. ಫೊರ್ಲಿ ಮತ್ತು ಸಾಂಗ್ರೋ ನದಿ ಹತ್ತಿರದ ಸ್ಮಶಾನಗಳಲ್ಲಿ, ದಹನ ಮಾಡಿದ ನಮ್ಮವರ ಹೆಸರು ಕಲ್ಲಿನ ಮೇಲೆ ಕೆತ್ತಿವೆ. ನಿಮ್ಮ ಮನೆಯಲ್ಲಿ "ಮುತ್ಯಾ ಲಡಾಯಿಗೆ ಹೋದವರು ಬರಲೇ ಇಲ್ಲ" ಅನ್ನೋ ಮಾತಿದ್ರೆ, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಹುಡುಕ್ರಿ. ಫ್ರೀ ಐತಿ. ಸಿಕ್ಕರೆ ಕಲ್ಲಿನ ನಂಬರ್ ಸಮೇತ ಸಿಗ್ತದ.

ನಮ್ಮವರು ಆ ದೇಶಕ್ಕೆ ಹೋಗಿದ್ದು ಇವತ್ತಿನ ಮಾತಲ್ಲ. ಅವರು ಹುಕುಂ ಮೇಲೆ ಹೋದರು. ನಾವು ನಮ್ಮ ಕಾಗದ, ನಮ್ಮ ದುಡ್ಡು, ವಾಪಸ್ ಟಿಕೆಟ್ ಇಟ್ಕೊಂಡು ಹೋಗಬಹುದು.

ಈ ಎಪಿಸೋಡನ್ನ ಪಾಸ್‌ಪೋರ್ಟ್ ಮಾಡಿಸೋ ತಯಾರಿಯಲ್ಲಿರೋ ಗೆಳೆಯರಿಗೆ ಕಳಿಸ್ರಿ, ಅದಕ್ಕಿಂತ ಮೊದಲು ಅವರ ಅಪ್ಪ ಅವ್ವಗೆ ಕೇಳಿಸ್ರಿ. ಸಹಿ ಮಾಡೋರು, ಒತ್ತಿ ಇಡೋರು ಅವರೇ. ಏಜೆಂಟ್ ಹೆಸರು ಇ-ಮೈಗ್ರೇಟ್‌ನಲ್ಲಿ ನೋಡೋಕೆ ಐದು ನಿಮಿಷ ಸಾಕು. ಕಾಗದಪತ್ರದ ಬಗ್ಗೆ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸ್ರಿ, ಮುಂದಿನ ವಾರ ಒಂದೊಂದಾಗಿ ಉತ್ತರ ಕೊಡ್ತೀನಿ.